ಚೆರ್ರಿ ಶರಬತ್ತಿಗೆ ಬೆಂಕಿ

1986ರ ನವೆಂಬರ್‌ನ ಒಂದು ಗುರುವಾರ, ಮಸ್ಕತ್‌ನಿಂದ ಹೊರಡುತ್ತಿದ್ದ ಒಂದು ಇಂಗ್ಲಿಷ್ ದಿನಪತ್ರಿಕೆಯ ಅಡುಗೆ ಪುಟದಲ್ಲಿ, ಚೆರ್ರಿ ಹಣ್ಣಿನ ಶರಬತ್ತನ್ನು ಬಿಸಿ ಮಾಡಿ ಅದಕ್ಕೆ ಬೆಂಕಿ ಹಚ್ಚಬೇಕು ಎಂದು ಅಚ್ಚಾಯಿತು. ಆ ಪುಟವನ್ನು ತಿದ್ದಿ ಅಚ್ಚಿಗೆ ಕಳಿಸಿದವನು ನಾನು.

ಸುದ್ದಿಮನೆಯಲ್ಲಿ ಬಹಳ ವರ್ಷ ಕೂತವನಿಗೆ ಒಂದು ರೋಗ ಅಂಟಿಕೊಳ್ಳುತ್ತದೆ. ಏನಾಯಿತು, ಎಲ್ಲಿ, ಯಾವಾಗ, ಯಾರಿಂದ ಎಂಬುದನ್ನೆಲ್ಲ ಮೊದಲ ಸಾಲಿನಲ್ಲೇ ಒದರಿಬಿಡಬೇಕು. ಒದರಿದ್ದೇನೆ. ನೀವು ಇಲ್ಲಿಗೇ ಓದು ನಿಲ್ಲಿಸಿದರೂ ನಷ್ಟವೇನಿಲ್ಲ. ಜಾಗ ಸಾಲದಿದ್ದರೆ ಉಳಿದದ್ದನ್ನು ಕೆಳಗಿನಿಂದ ಕತ್ತರಿಸಿಕೊಳ್ಳಬಹುದು.

ಇದೆಲ್ಲ ನೆನಪಾದದ್ದು ಮೊನ್ನೆ ಮೈಸೂರಿನ ಬೇಕರಿಯೊಂದರಲ್ಲಿ. ಗಾಜಿನ ಪೆಟ್ಟಿಗೆಯೊಳಗೆ ಪೇಸ್ಟ್ರಿಗಳು ಸಾಲಾಗಿ ಕೂತಿದ್ದವು, ಪ್ರತಿಯೊಂದರ ನೆತ್ತಿಯ ಮೇಲೂ ಒಂದು ಕೆಂಪು ಚೆರ್ರಿ. ನನ್ನ ಬಾಲ್ಯದಲ್ಲಿಯೂ ಹೀಗೇ ಇತ್ತು. ಕೇಕು ತಿನ್ನುವಾಗ ಆ ಚೆರ್ರಿಯನ್ನು ಬೇರೆ ತೆಗೆದಿಟ್ಟು, ಕೊನೆಗೆ ಬಾಯಿಗೆ ಹಾಕಿಕೊಂಡು, ಪರದೇಶದ ಹಣ್ಣು ತಿಂದೆನೆಂದು ಬೀಗುತ್ತಿದ್ದೆ. ಅದು ಬಹುಪಾಲು ಚೆರ್ರಿಯೇ ಅಲ್ಲ, ನಮ್ಮ ಗುಡ್ಡಗಳ ಮುಳ್ಳುಪೊದೆಯಲ್ಲಿ ಬಿಡುವ ಕರಂಡೆಕಾಯಿಯ ಬೀಜ ತೆಗೆದು, ಸಕ್ಕರೆ ಪಾಕದಲ್ಲಿ ಕುದಿಸಿ ಬಣ್ಣ ಹಾಕಿದ್ದು ಎಂದು ಬೇಕರಿಯವರೊಬ್ಬರಿಂದ ತಿಳಿದಾಗ ನನಗೆ ನಲವತ್ತು ದಾಟಿತ್ತು. ಚೆರ್ರಿಯ ಬಗ್ಗೆ ನನಗಿದ್ದ ಇನ್ನೊಂದು ಅನುಭವವೆಂದರೆ ಕೆಮ್ಮಿನ ಔಷಧಿ. ಅದರ ಶೀಶೆಯ ಮೇಲೂ ಒಂದು ಜೊತೆ ಚೆರ್ರಿಯ ಚಿತ್ರವಿರುತ್ತಿತ್ತು.

ಮದ್ಯದ ವಿಷಯದಲ್ಲಿಯೂ ನನ್ನ ಅರ್ಹತೆ ಇಷ್ಟೇ. ನಮ್ಮ ಮನೆಯಲ್ಲಿ ಈರುಳ್ಳಿಗೂ ಪ್ರವೇಶವಿರಲಿಲ್ಲ. ಆದರೆ ಅಜ್ಜಿ ಮಾತ್ರ ರಾತ್ರಿ ಊಟವಾದ ಮೇಲೆ ಜೀರ್ಣಕ್ಕೆಂದು ದ್ರಾಕ್ಷಾರಿಷ್ಟವನ್ನು ಒಂದು ಬೆಳ್ಳಿ ಲೋಟಕ್ಕೆ ಬಗ್ಗಿಸಿಕೊಳ್ಳುತ್ತಿದ್ದರು. ಕುಡಿದ ಸ್ವಲ್ಪ ಹೊತ್ತಿಗೆ ಅವರ ಮುಖ ಕೆಂಪೇರಿ, ಹಗಲೆಲ್ಲ ಬೈದ ಸೊಸೆಯರನ್ನು ಕರೆದು ತಲೆ ಸವರುತ್ತಿದ್ದರು. ವೈದ್ಯರು ಒಮ್ಮೆ ಅದನ್ನು ನಿಲ್ಲಿಸಿ ಎಂದಾಗ ಹೆಚ್ಚು ವಿರೋಧಿಸಿದವರು ಸೊಸೆಯರೇ.

ಇಂಥವನನ್ನು ಅಡುಗೆ ಪುಟಕ್ಕೆ ಹಾಕಿದರು. ಆ ಪುಟ ನೋಡಿಕೊಳ್ಳುತ್ತಿದ್ದ ಹೆಂಗಸು ಗಂಡನಿಗೆ ವರ್ಗವಾಗಿ ಹೊರಟುಹೋದದ್ದೇ ಕಾರಣ, ನನ್ನ ಪಾಂಡಿತ್ಯವಲ್ಲ. ಪಾಕವಿಧಾನಗಳು ಲಂಡನ್ನಿನ ಒಂದು ಸಂಸ್ಥೆಯಿಂದ ಕಟ್ಟುಕಟ್ಟಾಗಿ ಬರುತ್ತಿದ್ದವು. ನನ್ನ ಕೆಲಸ ಅಳತೆ ಸರಿಮಾಡುವುದು, ಕತ್ತರಿಸುವುದು, ಮತ್ತು ಮದ್ಯದ ಹೆಸರು ಬಂದಲ್ಲೆಲ್ಲ ಅದನ್ನು ತೆಗೆದು ಯೋಗ್ಯವಾದ ಬೇರೆ ಪದಾರ್ಥ ಹಾಕುವುದು. ಎಲ್ಲ ಮನೆಗಳಿಗೂ ಹೋಗುವ ಪುಟ, ಮುಸ್ಲಿಂ ದೇಶ. ನಿಯಮ ನ್ಯಾಯವಾಗಿಯೇ ಇತ್ತು. ವೈನ್ ಬಂದರೆ ದ್ರಾಕ್ಷಿ ರಸ, ಬ್ರಾಂಡಿ ಬಂದರೆ ಸೇಬಿನ ರಸ, ರಮ್ ಬಂದರೆ ವೆನಿಲಾ ಎಸೆನ್ಸ್. ತಿಂಗಳೊಂದರಲ್ಲಿ ನನಗೆ ಕೈ ಕುದುರಿ, ವಾಕ್ಯ ಓದದೆಯೇ ಪದ ಬದಲಿಸುವಷ್ಟು ವೇಗ ಬಂದಿತ್ತು. ಆ ವಾರ ಬಂದದ್ದು ಬಿಸಿ ಚೆರ್ರಿಯ ಒಂದು ಸಿಹಿ. ಅದರಲ್ಲಿ ‘ಕಿರ್ಶ್’ ಎಂಬ ಪದವಿತ್ತು. ನಿಘಂಟು ತೆಗೆದೆ. ಚೆರ್ರಿಯಿಂದ ತಯಾರಾದ ಮದ್ಯ ಎಂದಿತ್ತು. ಮದ್ಯವನ್ನು ತೆಗೆದೆ, ಚೆರ್ರಿಯನ್ನು ಉಳಿಸಿದೆ, ‘ಚೆರ್ರಿ ಶರಬತ್ತು’ ಎಂದು ಬರೆದೆ. ಮುಂದಿನ ವಾಕ್ಯದಲ್ಲಿ ‘ಬಿಸಿ ಮಾಡಿ, ಹಣ್ಣಿನ ಮೇಲೆ ಸುರಿದು, ಬೆಂಕಿ ಹಚ್ಚಿ’ ಎಂದಿತ್ತು. ಅದರಲ್ಲಿ ಮದ್ಯದ ಹೆಸರಿರಲಿಲ್ಲ. ಆದ್ದರಿಂದ ಮುಟ್ಟಲಿಲ್ಲ.

ಅಲ್ಲಿ ಗುರುವಾರ, ಶುಕ್ರವಾರ ರಜೆ. ಶನಿವಾರ ಬೆಳಿಗ್ಗೆ ಕಚೇರಿಯ ಬಾಗಿಲು ತೆಗೆದಾಗಲೇ ಫೋನು ಹೊಡೆದುಕೊಳ್ಳುತ್ತಿತ್ತು. ಒಳನಾಡಿನ ಇಬ್ರಾ ಎಂಬ ಊರಿನಿಂದ ಒಬ್ಬ ಮೇಷ್ಟ್ರು, ಶರಬತ್ತು ಯಾವ ಕಂಪನಿಯದಾಗಬೇಕು ಎಂದು ವಿನಯದಿಂದ ಕೇಳಿದರು. ಸೂರ್ ಪಟ್ಟಣದ ನರ್ಸ್ ಒಬ್ಬರು, ಸಕ್ಕರೆ ಸೀದು ಪಾತ್ರೆಯ ತಳ ಹಿಡಿದಿದೆ, ಅದನ್ನು ಬಿಡಿಸುವ ವಿಧಾನವನ್ನೂ ಮುಂದಿನ ವಾರ ಪ್ರಕಟಿಸಿ ಎಂದರು. ಎಲ್ಲರಿಗೂ ‘ಪರಿಶೀಲಿಸುತ್ತಿದ್ದೇವೆ’ ಎಂದೆ. ಪತ್ರಿಕೆಯವರು ಹಾಗೆಂದರೆ ಏನೂ ಗೊತ್ತಿಲ್ಲವೆಂದು ಅರ್ಥ.

ನಾನಾಗ ಮಸ್ಕತ್‌ನ ದಾರ್ಸೈಟ್ ಬಡಾವಣೆಯ ಒಂದು ಕಟ್ಟಡದ ಮೇಲಿನ ಮಹಡಿಯಲ್ಲಿದ್ದೆ, ಒಬ್ಬನೇ. ಸಂಸಾರ ಮೈಸೂರಿನಲ್ಲಿತ್ತು. ಕೆಳಗಿನ ಫ್ಲಾಟಿನಲ್ಲಿ ಮೂಲ್ಕಿ ಕಡೆಯ ಸಂಜೀವಣ್ಣ, ಅವರ ಹೆಂಡತಿ ಜಲಜಕ್ಕ, ಹತ್ತನೇ ತರಗತಿಯ ಮಗಳು ಶ್ವೇತಾ. ಮನೆಯೊಳಗೆ ಅವರದು ತುಳು, ನನ್ನೊಡನೆ ಕನ್ನಡ, ಮಗಳು ಎರಡಕ್ಕೂ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದಳು. ಶುಕ್ರವಾರದ ನನ್ನ ಊಟ ಅವರಲ್ಲೇ. ಜಲಜಕ್ಕ ಕೃಷ್ಣ ದೇವಸ್ಥಾನದ ಭಜನೆಯ ಮುಂಚೂಣಿ ಗಾಯಕಿ, ಕಟ್ಟಡದ ಎಲ್ಲ ಮಕ್ಕಳ ಹುಟ್ಟುಹಬ್ಬಕ್ಕೂ ಕೇಕು ಮಾಡುವವರು. ಮೊಟ್ಟೆ ಹಾಕಿದ್ದಕ್ಕೆ ಒಂದು ಪಾತ್ರೆ, ಹಾಕದ್ದಕ್ಕೆ ಇನ್ನೊಂದು.

ಶನಿವಾರ ಸಂಜೆ ಬಾಗಿಲು ಬಡಿದ ಸದ್ದಾಯಿತು.

“ರಾಯರೇ, ಒಳಗೆ ಇದ್ದೀರಾ? ತೆಗೀರಿ ಒಮ್ಮೆ.”

ಜಲಜಕ್ಕನ ಒಂದು ಕೈಯಲ್ಲಿ ಬಾಣಲೆ, ಇನ್ನೊಂದರಲ್ಲಿ ಬೆಂಕಿಪೆಟ್ಟಿಗೆ. ಹಿಂದೆ ಸಂಜೀವಣ್ಣ, ಶರಟಿನ ಜೇಬಿನಲ್ಲಿ ಮಡಿಚಿದ ನಮ್ಮ ಪತ್ರಿಕೆಯ ತುಣುಕು.

“ನಿಮ್ಮ ಶರಬತ್ತು ಹೊತ್ತುದಿಲ್ಲ ಮಾರಾಯ್ರೇ. ಒಂದು ಪೆಟ್ಟಿಗೆ ಕಡ್ಡಿ ಮುಗೀತು.”

“ಶರಬತ್ತು ಹೊತ್ತುವುದಿಲ್ಲ ಜಲಜಕ್ಕ.”

“ಮತ್ತೆ ನೀವೇ ಬರ್ದದ್ದಲ್ವಾ, ಹೊತ್ತಿಸಿ ಅಂತ?”

“ನಾನು ಬರೆದದ್ದಲ್ಲ. ತಿದ್ದಿದ್ದು.”

“ತಿದ್ದಿ ಹೀಗಾದ್ದಾ? ತಿದ್ದದೆ ಬಿಟ್ಟಿದ್ರೆ?”

“ಬಿಟ್ಟಿದ್ದರೆ ಹೊತ್ತುತ್ತಿತ್ತು.”

ಅವರು ನನ್ನನ್ನು ನೋಡಿದರು. ಭಜನೆಯಲ್ಲಿ ತಾಳ ತಪ್ಪಿದವರನ್ನು ನೋಡುವ ನೋಟ ಅದು. ಆಮೇಲೆ ಬಾಣಲೆ ಕೆಳಗಿಟ್ಟು, ನನ್ನ ಕುರ್ಚಿಯಲ್ಲಿ ಕೂತು, ಅಳುವುದಕ್ಕೆ ಸಿದ್ಧರಾದರು. ಆಗ ತಿಳಿದದ್ದು ಹೀಗೆ.

ಆ ವರ್ಷ ಎಣ್ಣೆಯ ಬೆಲೆ ಕುಸಿದಿತ್ತು. ಪಕ್ಕದ ವ್ಯಾಪಾರ ಕೇಂದ್ರ ರೂವಿಯ ಕಚೇರಿಗಳಲ್ಲಿ ‘ಕ್ಯಾನ್ಸಲ್’ ಎಂಬ ಮಾತು ಕೆಮ್ಮಿನಂತೆ ಹರಡಿತ್ತು. ವೀಸಾ ಕ್ಯಾನ್ಸಲ್ ಆಯಿತೆಂದರೆ ಗಂಟುಮೂಟೆ ಕಟ್ಟಬೇಕು. ಸಂಜೀವಣ್ಣ ಲೆಕ್ಕ ನೋಡುತ್ತಿದ್ದ ಅಂಗಡಿಯನ್ನು ಡಿಸೆಂಬರ್ ಕೊನೆಗೆ ಮುಚ್ಚುತ್ತಾರೆಂದು ಗೊತ್ತಾಗಿತ್ತು. ಶ್ವೇತಾಳ ಬೋರ್ಡ್ ಪರೀಕ್ಷೆ ಮಾರ್ಚ್‌ನಲ್ಲಿ. ನಡುವೆ ಊರಿಗೆ ಹೋದರೆ ಬೇರೆ ಶಾಲೆಯಿಲ್ಲ, ಪರೀಕ್ಷೆಯೂ ಇಲ್ಲ, ಒಂದು ವರ್ಷ ಮಣ್ಣುಪಾಲು. ಸಂಜೀವಣ್ಣನ ಕಫೀಲ್, ಅಂದರೆ ಯಾರ ಹೆಸರಿನಲ್ಲಿ ಅವರ ವೀಸಾ ಇತ್ತೋ ಆ ಓಮಾನಿ ವರ್ತಕರು, ಒಳ್ಳೆಯವರು. ಅವರಿಗೆ ಸಮುದ್ರದ ಪಕ್ಕ ಒಂದು ಹೋಟೆಲೂ ಇತ್ತು. ‘ನಿನ್ನ ಹೆಂಡತಿ ಸಿಹಿ ಮಾಡುತ್ತಾಳಲ್ಲ, ಹೋಟೆಲಿನ ಸಿಹಿ ಅಡುಗೆಮನೆಗೆ ಸೀಸನ್ನಿಗೆ ಒಬ್ಬರು ಬೇಕು, ಬಂದು ಮಾಡಿ ತೋರಿಸಲಿ, ಶೆಫ್ ಒಪ್ಪಿದರೆ ಪರೀಕ್ಷೆ ಮುಗಿಯುವ ತನಕ ಎಲ್ಲರ ವೀಸಾವೂ ನನ್ನ ಹೆಸರಿನಲ್ಲೇ ಇರಲಿ’ ಎಂದಿದ್ದರು.

ಇಲ್ಲಿಯವರೆಗೆ ಎಲ್ಲ ಸರಿಯಾಗಿತ್ತು. ಆದರೆ ಸಂಜೀವಣ್ಣ, ಹೆಂಡತಿಯ ಬಗ್ಗೆ ಅಭಿಮಾನವಿದ್ದ ಗಂಡ, ಗುರುವಾರದ ಪತ್ರಿಕೆಯನ್ನು ಒಯ್ದು ಕಫೀಲರ ಮುಂದೆ ಹಿಂದಿಯಲ್ಲಿ ಓದಿದ್ದರು. ‘ನನ್ನ ಹೆಂಡತಿ ಇದನ್ನೇ ಮಾಡುತ್ತಾಳೆ.’ ಕಫೀಲರಿಗೆ ಬಹಳ ಸಂತೋಷವಾಗಿತ್ತು. ಹೋಟೆಲಿನಲ್ಲಿ ಪರದೇಶದ ಅತಿಥಿಗಳ ಮುಂದೆ ಹೀಗೆ ಉರಿಸಿ ತರುವ ತಿಂಡಿಗಳಿದ್ದವು, ಆದರೆ ಅವುಗಳಲ್ಲಿ ಮದ್ಯವಿರುತ್ತಿದ್ದುದರಿಂದ ಮಾಲೀಕರಾಗಿಯೂ ಅವರು ಒಂದು ಚಮಚವನ್ನೂ ತಿಂದವರಲ್ಲ. ಈಗ ಬರಿಯ ಶರಬತ್ತಿನಲ್ಲಿ ಉರಿಯುವ ಸಿಹಿ! ‘ಬರುವ ಗುರುವಾರ ನಾನೂ ಬಂದು ಕೂರುತ್ತೇನೆ’ ಎಂದು ಶೆಫ್‌ಗೆ ಹೇಳಿ ಕಳಿಸಿದ್ದರು.

“ಈಗ ಎಂತ ಮಾಡುದು?” ಎಂದರು ಜಲಜಕ್ಕ. “ಹೊತ್ತಬೇಕು. ಮದ್ಯ ಇರಬಾರ್ದು. ನಿಮ್ಮ ಪೇಪರ್‌ನಲ್ಲಿ ಮಾತ್ರ ಆಗುದು ಅದು.”

“ಬೇರೆ ಏನಾದರೂ ಸಿಹಿ ಮಾಡಿದರೆ?”

“ನಾನೂ ಹೇಳಿದೆ,” ಎಂದರು ಸಂಜೀವಣ್ಣ. “ಆದರೆ ಕಫೀಲ್ ಅವರ ಇಬ್ಬರು ತಮ್ಮಂದಿರಿಗೂ ಹೇಳಿಯಾಗಿದೆ.”

ಸುದ್ದಿಮನೆಯವನಿಗೆ ಕಷ್ಟ ಬಂದಾಗ ಹೊಳೆಯುವುದು ಒಂದೇ, ಮೂಲವನ್ನು ಪರಿಶೀಲಿಸುವುದು. ನಿಜವಾದ ಚೆರ್ರಿ ಮದ್ಯ ಹೇಗೆ ಉರಿಯುತ್ತದೆಂದು ಕಣ್ಣಾರೆ ನೋಡಿದರೆ, ಅದರಂತೆ ಉರಿಯುವ ಮದ್ಯವಲ್ಲದ ಪದಾರ್ಥ ಯಾವುದೆಂದು ಗೊತ್ತಾಗಬಹುದು ಎಂದು ತರ್ಕಿಸಿದೆ. ಈಗ ಯೋಚಿಸಿದರೆ ಈ ತರ್ಕದಲ್ಲಿ ತಲೆಯೂ ಇಲ್ಲ, ಬಾಲವೂ ಇಲ್ಲ. ಆಗ ಬಹಳ ವೈಜ್ಞಾನಿಕವೆನಿಸಿತ್ತು.

ನಮ್ಮ ಪತ್ರಿಕೆಯ ಡಾರ್ಕ್‌ರೂಮಿನಲ್ಲಿ ಫೋಟೊ ತೊಳೆಯುತ್ತಿದ್ದ ಫೆಲಿಕ್ಸ್ ಕಾರವಾರದವನು. ಅವನ ಅಣ್ಣ ಹಡಗಿನಲ್ಲಿ ಅಡುಗೆಯವನು, ಬಂದರಿಗೊಂದು ಬಾಟಲಿ ಕೂಡಿಸುವ ಹವ್ಯಾಸಿ. ಲಿಸ್ಬನ್ನಿನಿಂದ ತಂದುಕೊಟ್ಟ ಚೆರ್ರಿಯದೊಂದು ಫೆಲಿಕ್ಸ್‌ನ ಮನೆಯಲ್ಲಿತ್ತು. ಪೊಲೀಸರು ಕೊಡುವ ಮದ್ಯದ ಪರವಾನಗಿ ಪುಸ್ತಕವೂ ಅವನಲ್ಲಿತ್ತು. ಸೋಮವಾರ ಸಂಜೆ ಬಾಟಲಿಯನ್ನು ತಾನೇ ಕಾರಿನಲ್ಲಿ ತಂದ.

“ಪರ್ಮಿಟ್ ನಂದು, ಬಾಟ್ಲಿ ನಂದು, ಆಮೇಲಿಂದು ಮಾತ್ರ ನಿಂದು ಮಾರಾಯಾ,” ಎಂದು ಮೊದಲೇ ಹೇಳಿಬಿಟ್ಟ.

ಜಲಜಕ್ಕನ ಅಡುಗೆಮನೆಯ ಗೂಡಿನಲ್ಲಿ ದೇವರಿದ್ದರು. ಆದ್ದರಿಂದ ಬಾಟಲಿಗೆ ಒಳಗೆ ಪ್ರವೇಶವಿರಲಿಲ್ಲ. ಅದನ್ನು ಬಾಲ್ಕನಿಯಲ್ಲಿ, ಒಗೆಯುವ ಯಂತ್ರದ ಮೇಲೆ ಹಳೆಯ ಪತ್ರಿಕೆ ಹಾಸಿ ಇಟ್ಟರು. ಅಡ್ಡಲಾಗಿ ಒಂದು ಬೆಡ್‌ಶೀಟು ಇಳಿಬಿಟ್ಟರು. ದೇವರಿಗೆ ಕಾಣದಿರಲೆಂದೋ, ಪಕ್ಕದ ಬಾಲ್ಕನಿಯ ಭಜನಾ ಸದಸ್ಯೆಗೆ ಕಾಣದಿರಲೆಂದೋ, ಖಚಿತಪಡಿಸಿಕೊಳ್ಳಲಾಗಲಿಲ್ಲ.

ಗಿಡ್ಡ ಬಾಟಲಿ. ಒಳಗೆ ಕೆಂಪುಗಪ್ಪು ದ್ರವ, ತಳದಲ್ಲಿ ಚೆರ್ರಿ ಹಣ್ಣುಗಳು ರಾಶಿಬಿದ್ದಿದ್ದವು. ಫೆಲಿಕ್ಸ್ ಅದಕ್ಕೆ ‘ಜಿಂಜ’ ಎಂದ. ಹುಳಿ ಚೆರ್ರಿಯನ್ನು ಸಕ್ಕರೆ, ಚಕ್ಕೆಯ ಜೊತೆ ಸಾರಾಯಿಯಲ್ಲಿ ತಿಂಗಳುಗಟ್ಟಲೆ ನೆನೆಹಾಕುತ್ತಾರಂತೆ. ಲಿಸ್ಬನ್ನಿನಲ್ಲಿ ಪುಟ್ಟ ಗೂಡಂಗಡಿಗಳಿವೆಯಂತೆ. ಜನ ನಿಂತುಕೊಂಡೇ ಸಣ್ಣ ಲೋಟದಲ್ಲಿ ಕುಡಿದು ಹೋಗುತ್ತಾರೆ, ಅಂಗಡಿಯವನು ಕೇಳುವುದು ಒಂದೇ ಪ್ರಶ್ನೆ: ಹಣ್ಣು ಹಾಕಲೋ, ಬೇಡವೋ?

“ನಮ್ಮ ಕಡೆ ಚಾದಂಗಡಿಯಲ್ಲಿ ಸಕ್ಕರೆ ಕೇಳಿದ ಹಾಗೆ,” ಎಂದರು ಸಂಜೀವಣ್ಣ.

“ಅಣ್ಣ ಹಡಗಿನಲ್ಲಿ ಇದನ್ನು ಕುಡಿಯೂದಿಲ್ಲ ಮಾರಾಯಾ, ಅಡುಗೆಗೆ ಹಾಕ್ತಾನೆ. ಐಸ್‌ಕ್ರೀಮ್ ಮೇಲೆ ಒಂದು ಚಮಚ. ಕೇಕ್ ಒಣಗಿದ್ರೆ ಬ್ರಶ್ಶಿನಲ್ಲಿ ಬಳೀತಾನೆ, ಮರುದಿನ ಹೊಸ ಕೇಕ್! ಹಣ್ಣಿನ ಸಲಾಡಿಗೆ ಹಾಕ್ತಾನೆ. ಹಂದಿ ಹುರಿದ ಬಾಣಲೆಗೆ ಹಾಕಿ ಗಸಿ ಮಾಡ್ತಾನೆ. ತಳದ ಹಣ್ಣು ಚಾಕೊಲೇಟ್ ಒಳಗೆ. ಕ್ಯಾಪ್ಟನ್ ಕೇಳಿ ಕೇಳಿ ತಿಂತಾನೆ.”

“ಹಂದಿ ವಿಷಯ ಇಲ್ಲಿ ಬೇಡ,” ಎಂದರು ಜಲಜಕ್ಕ, ಬೆಡ್‌ಶೀಟಿನ ಕಡೆ ನೋಡಿ. “ಹೊತ್ತಿಸಿ ನೋಡುವಾ.”

ಪ್ರವಾಸಕ್ಕೆ ಒಯ್ಯುವ ಸಣ್ಣ ಗ್ಯಾಸ್ ಒಲೆಯ ಮೇಲೆ ಹಳೆಯ ಸೌಟಿಟ್ಟು ಜಿಂಜವನ್ನು ಬಿಸಿ ಮಾಡಿದೆವು. ನಾನು ಕಡ್ಡಿ ಗೀರಿದೆ. ಆರಿತು. ಇನ್ನೊಂದು ಗೀರಿದೆ. ಸೌಟಿನೊಳಗೆ ಅದ್ದಿದಂತಾಗಿ ಚುಸ್ ಎಂದಿತು. ಬೆಟ್ಟದ ಕಡೆಯಿಂದ ಗಾಳಿ ಬೀಸುತ್ತಿತ್ತು. ಬೆಡ್‌ಶೀಟು ನಮ್ಮ ಮುಖಕ್ಕೆ ಬಡಿಯುತ್ತಿತ್ತು. ನೀಲಿ ಬಣ್ಣದ ಏನೋ ಒಂದು ಕ್ಷಣ ಕಂಡಿತೆಂದು ಸಂಜೀವಣ್ಣ ಹೇಳಿದರು. ಬೇರೆ ಯಾವ ಮೂಲದಿಂದಲೂ ಅದು ದೃಢಪಡಲಿಲ್ಲ. ಕೊನೆಗೆ ಸೌಟಿನಲ್ಲಿ ಉಳಿದದ್ದು ಅಂಟು ಜಾಮು.

“ನಿಜವಾದ್ದೂ ಹೊತ್ತುದಿಲ್ಲ, ಸುಳ್ಳಿಂದೂ ಹೊತ್ತುದಿಲ್ಲ,” ಎಂದರು ಜಲಜಕ್ಕ. “ನಿಮ್ಮ ಹತ್ರ ಮೂರನೇದು ಉಂಟಾ ರಾಯರೇ?”

ಮೂರನೆಯದು ಇತ್ತು. ಮರುದಿನ ಕಚೇರಿಯ ವಿಶ್ವಕೋಶ ತೆಗೆದು ನೋಡಿದೆ. ಕಿರ್ಶ್ ಎಂದರೆ ಚೆರ್ರಿಯನ್ನು ಹುಳಿಹಿಡಿಸಿ ಬಟ್ಟಿಯಿಳಿಸಿದ್ದು, ನೀರಿನಂತೆ ತಿಳಿ, ಸಿಹಿಯಿಲ್ಲ, ಖಾರ. ಜಿಂಜ ಸಿಹಿಯಾದದ್ದು, ಸೌಮ್ಯ, ಅದು ಸುಲಭಕ್ಕೆ ಹೊತ್ತುವುದಲ್ಲ. ಎರಡೂ ಚೆರ್ರಿಯದೇ ತಾನೆ ಎಂದುಕೊಂಡದ್ದು, ಉರಿಯುವ ಶರಬತ್ತಿನ ನಂತರ, ನನ್ನ ಎರಡನೆಯ ಸಂಶೋಧನೆ. ಎರಡರಲ್ಲಿ ಯಾವುದನ್ನೂ ಕಫೀಲರ ತಟ್ಟೆಗೆ ಹಾಕುವಂತಿರಲಿಲ್ಲವಾದ್ದರಿಂದ ಈ ಜ್ಞಾನದಿಂದ ಯಾರಿಗೂ ಉಪಕಾರವಾಗಲಿಲ್ಲ.

ಆದರೆ ಸೋಮವಾರ ಬಾಲ್ಕನಿಯಲ್ಲಿ ಇನ್ನೊಂದು ಸಂಗತಿ ನಡೆದಿತ್ತು. ಕೂಡಲೇ ವರದಿ ಮಾಡದೆ ಬಿಟ್ಟಿದ್ದಕ್ಕೆ ಕಾರಣ, ಅದು ಮುಖ್ಯವೆಂದು ನನಗೆ ಅನಿಸಿರಲಿಲ್ಲ. ಫೆಲಿಕ್ಸ್ ಬಾಟಲಿಯ ಬಿರಟೆ ಹಾಕುವ ಮೊದಲು ಜಲಜಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಮೂಗನ್ನು ಮಾತ್ರ ಹೊರಗೆ ಬಿಟ್ಟು, ಬಾಟಲಿಯ ಕಡೆ ಬಗ್ಗಿದರು. ಮತ್ತೊಮ್ಮೆ ಬಗ್ಗಿದರು.

“ಕುಡಿದ ಲೆಕ್ಕ ಆಗ್ತದೆ,” ಎಂದ ಫೆಲಿಕ್ಸ್.

“ಸುಮ್ಮನಿರು ಮಾರಾಯ. ಈ ವಾಸನೆ ನಂಗೆ ಗೊತ್ತುಂಟು.”

ಎಲ್ಲಿಯದೆಂದು ಹೇಳಲಿಲ್ಲ. ಗಂಡನಿಗೆ ತುಳುವಿನಲ್ಲಿ ಏನೋ ಹೇಳಿದರು. ಮರುದಿನ ಸಂಜೆ ಅವರಿಬ್ಬರೂ ಟ್ಯಾಕ್ಸಿ ಹಿಡಿದು ಮತ್ರಾದ ಸೂಕ್‌ಗೆ, ಅಂದರೆ ಹಳೇ ಪೇಟೆಗೆ, ಹೋದರೆಂದು ಶ್ವೇತಾ ಹೇಳಿದಳು.

ಗುರುವಾರದ ಪುಟಕ್ಕೆ ನಾನು ತಿದ್ದುಪಡಿ ಬರೆಯಬೇಕಾಯಿತು. ಮದ್ಯವಿಲ್ಲದೆ ಬೆಂಕಿ ಹತ್ತುವುದಿಲ್ಲ ಎಂದು ಬರೆಯಲು ಮದ್ಯದ ಹೆಸರು ಹೇಳಬೇಕು. ಅದು ನಿಯಮಕ್ಕೆ ವಿರುದ್ಧ. ಬಹಳ ಹೊತ್ತು ಪೆನ್ಸಿಲು ಕಚ್ಚಿ ಕೊನೆಗೆ ಹೀಗೆ ಬರೆದೆ: ‘ಕಳೆದ ವಾರದ ಚೆರ್ರಿಯ ಸಿಹಿಯಲ್ಲಿ “ಬೆಂಕಿ ಹಚ್ಚಿ” ಎಂಬುದನ್ನು “ಬಡಿಸಿ” ಎಂದು ಓದಿಕೊಳ್ಳಬೇಕು.’ ವೃತ್ತಿಜೀವನದಲ್ಲಿ ನಾನು ಬರೆದ ಅತ್ಯಂತ ನಿಖರವಾದ ವಾಕ್ಯ ಅದೇ ಇರಬಹುದು. ಪುಣ್ಯಕ್ಕೆ ಕಫೀಲರು ಓದುತ್ತಿದ್ದದ್ದು ಅರಬ್ಬಿ ಪತ್ರಿಕೆ. ಶೆಫ್ ನಮ್ಮದನ್ನೇ ಓದುತ್ತಿದ್ದರೂ ಕ್ರೀಡಾ ಪುಟದಿಂದ ಆಚೆ ಬರುತ್ತಿರಲಿಲ್ಲವೆಂದು ಆಮೇಲೆ ತಿಳಿಯಿತು.

ಗುರುವಾರ ಬೆಳಿಗ್ಗೆ ಜಲಜಕ್ಕ ನನ್ನನ್ನೂ ಹೊರಡಿಸಿದರು. “ನಿಮ್ಮ ಇಂಗ್ಲಿಷಿನಿಂದ ಸಿಕ್ಕಿಬಿದ್ದದ್ದು. ಬಿಡಿಸ್ಲಿಕ್ಕೂ ನಿಮ್ಮ ಇಂಗ್ಲಿಷೇ ಬೇಕು.”

ಹೋಟೆಲಿನ ಅಡುಗೆಮನೆ ನಮ್ಮ ಕಚೇರಿಗಿಂತ ದೊಡ್ಡದಿತ್ತು, ನಮ್ಮ ಕಚೇರಿಗಿಂತ ನಿಶ್ಶಬ್ದವಾಗಿತ್ತು. ಶೆಫ್ ಆಸ್ಟ್ರಿಯಾ ದೇಶದವರು, ಎತ್ತರದ ಟೋಪಿ, ಮುಖದಲ್ಲಿ ನಗುವಿಲ್ಲ. ಕಫೀಲರು ಬಿಳಿ ನಿಲುವಂಗಿ, ಬಣ್ಣದ ಮುಂಡಾಸು ಧರಿಸಿ ಕುರ್ಚಿಯಲ್ಲಿ ಕೂತಿದ್ದರು. ಎಳೆಯ ವಯಸ್ಸಿನಲ್ಲಿ ಬೊಂಬಾಯಿಗೆ ಖರ್ಜೂರ ಸಾಗಿಸುತ್ತಿದ್ದವರು, ಹಿಂದಿ ಚೆನ್ನಾಗಿ ಆಡುತ್ತಿದ್ದರು. ಸಂಜೀವಣ್ಣನ ಹಣೆ ಏರ್‌ಕಂಡೀಷನ್ನಿನಲ್ಲೂ ಬೆವರುತ್ತಿತ್ತು.

ಜಲಜಕ್ಕ ಕೆಲಸಕ್ಕಿಳಿದರು. ಡಬ್ಬಿಯ ಚೆರ್ರಿಯನ್ನು ಅದರ ಪಾಕದೊಡನೆಯೇ ಬಿಸಿಗಿಟ್ಟರು. ಒಂದು ತುಂಡು ಚಕ್ಕೆ ಹಾಕಿದರು. ಚೀಲದಿಂದ ಸಣ್ಣ ಪೊಟ್ಟಣ ತೆಗೆದು ಮಾಸಲು ಬಿಳಿಯ ಪುಡಿಯೊಂದನ್ನು ಚಿಟಿಕೆಯಷ್ಟು ಉದುರಿಸಿದರು. ಗಾಜಿನ ಬಟ್ಟಲುಗಳಲ್ಲಿ ಐಸ್‌ಕ್ರೀಮ್ ಹಾಕಿ, ಸುತ್ತಲೂ ಬಿಸಿ ಚೆರ್ರಿ ಸುರಿದರು. ಆಮೇಲೆ ನಿಂಬೆಹಣ್ಣು ಕೊಯ್ದು, ರಸ ಹಿಂಡಿ, ಹೋಳನ್ನು ಒಳಮಗ್ಗುಲು ಹೊರಗೆ ಬರುವಂತೆ ಮಗುಚಿ ಪುಟ್ಟ ಬಟ್ಟಲು ಮಾಡಿ, ಐಸ್‌ಕ್ರೀಮಿನ ನೆತ್ತಿಯ ಮೇಲೆ ಕೂರಿಸಿದರು. ನನಗೆ ಆಗ ಹೊಳೆಯಿತು. ದೇವಿಯ ಗುಡಿಗಳಲ್ಲಿ ಹೆಂಗಸರು ಹಚ್ಚುವ ನಿಂಬೆಹಣ್ಣಿನ ದೀಪ ಅದು. ಪರ್ಸಿನಿಂದ ಕರ್ಪೂರ ತೆಗೆದು ಒಂದೊಂದರಲ್ಲಿ ಒಂದೊಂದು ಬಿಲ್ಲೆ ಇಟ್ಟರು.

“ನೀವೇ ಬರ್ದದ್ದು. ನೀವೇ ಹಚ್ಚಿ,” ಎಂದು ಬೆಂಕಿಪೆಟ್ಟಿಗೆ ನನ್ನ ಕೈಗಿತ್ತರು.

ಗೀರಿದೆ. ಒಂದೇ ಕಡ್ಡಿ. ಉರಿ ನ್ಯಾಯವಾಗಿ ಎದ್ದಿತು. ಕಳೆದ ವಾರ ನಾನು ಪ್ರಕಟಿಸಿದ್ದ ಸುದ್ದಿ ಕಣ್ಣೆದುರೇ ನಿಜವಾಗುತ್ತಿತ್ತು.

ಇಲ್ಲಿ ನಡೆದದ್ದನ್ನು ನಾನು ನೋಡಿದ ಕ್ರಮದಲ್ಲೇ ದಾಖಲಿಸುತ್ತೇನೆ. ಮೊದಲು ಸಂಜೀವಣ್ಣನ ಕೈ ಮುಂದೆ ಹೋಯಿತು. ಉರಿಯ ಮೇಲೆ ಅಂಗೈ ಆಡಿಸಿ ಕಣ್ಣಿಗೆ ಒತ್ತಿಕೊಂಡರು. ಜಲಜಕ್ಕನೂ ಒತ್ತಿಕೊಂಡರು. ನಾನು, ಆಧುನಿಕ ವಿಚಾರದವನೆಂದು ಕಚೇರಿಯಲ್ಲಿ ಹೆಸರಾದವನು, ಬೆಂಕಿಪೆಟ್ಟಿಗೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಎರಡು ಕೈಯಲ್ಲೂ ಒತ್ತಿಕೊಂಡೆ. ಹೊಗೆ ಕಫೀಲರ ಕಡೆ ತಿರುಗಿತು. ಅವರು “ಮಾಶಾಲ್ಲಾ” ಎಂದು, ಆ ದೇಶದಲ್ಲಿ ಅತಿಥಿಗಳ ಮುಂದೆ ಹಿಡಿಯುವ ಲೋಬಾನದ ಹೊಗೆಯೆಂಬಂತೆ, ಅದನ್ನು ಕೈಯಿಂದ ಗಡ್ಡದ ಕಡೆಗೆ, ಅಂಗಿಯ ಕಡೆಗೆ ಎಳೆದುಕೊಂಡರು. ಶೆಫ್ ನಮ್ಮೆಲ್ಲರನ್ನೂ ನೋಡಿದರು. ಇದು ಬಡಿಸುವ ಕ್ರಮದ ಭಾಗವೆಂದು ಭಾವಿಸಿರಬೇಕು. ಟೋಪಿ ತೆಗೆದು, ಮೊದಲು ಅಂಗೈಯನ್ನು ಕಣ್ಣಿಗೊತ್ತಿಕೊಂಡು, ಆಮೇಲೆ ಹೊಗೆಯನ್ನು ಕೋಟಿಗೆ ಎಳೆದುಕೊಂಡರು.

ಕರ್ಪೂರ ಮುಗಿಯಿತು. ನಿಂಬೆಯ ಹೋಳನ್ನು ಜಲಜಕ್ಕ ಎತ್ತಿ ಬದಿಗಿಟ್ಟರು. ಶೆಫ್ ಒಂದು ಚಮಚ ಬಾಯಿಗಿಟ್ಟುಕೊಂಡರು. ಕಫೀಲರು ಚಮಚ ಎತ್ತಿದರು. ಆಗ ಶೆಫ್ ಹುಬ್ಬು ಗಂಟಿಕ್ಕಿ ಇಂಗ್ಲಿಷಿನಲ್ಲಿ ಹೇಳಿದರು:

“ಇದರಲ್ಲಿ ಕಿರ್ಶ್ ಇದೆ.”

ಕಫೀಲರ ಚಮಚ ಅರ್ಧದಲ್ಲಿ ನಿಂತಿತು.

ನಾನು ಬಾಯಿ ತೆರೆದೆ. ಸೋಮವಾರ ಬಾಲ್ಕನಿಯಲ್ಲಿದ್ದ ಬಾಟಲಿ, ಬೆಡ್‌ಶೀಟು, ಸೌಟು ಎಲ್ಲವೂ ಒಟ್ಟಿಗೆ ನೆನಪಾಗಿ, ಯಾವ ಇಂಗ್ಲಿಷೂ ಹೊರಗೆ ಬರಲಿಲ್ಲ. ನನ್ನನ್ನು ಕರೆತಂದದ್ದೇ ಆ ಒಂದು ಕೆಲಸಕ್ಕೆ.

“ನಹೀ ಸಾಬ್,” ಎಂದರು ಜಲಜಕ್ಕ, ನೇರವಾಗಿ ಕಫೀಲರಿಗೆ. ಪೊಟ್ಟಣವನ್ನು ಎತ್ತಿ ಅವರ ಮುಂದೆ ಹಿಡಿದರು. “ಆಪ್‌ಕಾ ಸೂಕ್ ಸೇ ಲಾಯಾ.”

ಕಫೀಲರು ಪೊಟ್ಟಣವನ್ನು ಮೂಗಿನ ಹತ್ತಿರ ಒಯ್ದರು. ಆಮೇಲೆ ನಗತೊಡಗಿದರು.

“ಮಹ್ಲಬ್!” ಎಂದರು. ಶೆಫ್ ಕಡೆ ತಿರುಗಿ, “ಲಾ, ಲಾ, ಕಿರ್ಶ್ ಅಲ್ಲ. ಇದು ಮಹ್ಲಬ್. ನನ್ನ ತಾಯಿ ತಲೆಗೂದಲಿಗೆ ಹಚ್ಚುತ್ತಿದ್ದರು. ಅವರ ಪೆಟ್ಟಿಗೆ ತೆಗೆದರೆ ಇದೇ ವಾಸನೆ.” ಅಂದು, ನಿಂತಿದ್ದ ಚಮಚವನ್ನು ಬಾಯಿಗಿಟ್ಟುಕೊಂಡರು.

ಮಹ್ಲಬ್ ಎಂದರೆ ಒಂದು ಜಾತಿಯ ಚೆರ್ರಿಯ ಬೀಜದೊಳಗಿನ ತಿರುಳಂತೆ. ಪುಡಿ ಮಾಡಿ ಅರಬರು ಸುಗಂಧಕ್ಕೂ, ರೊಟ್ಟಿಗೂ, ಸಿಹಿಗೂ ಹಾಕುತ್ತಾರೆ. ಜಲಜಕ್ಕನಿಗೆ ಇದ್ಯಾವುದೂ ಗೊತ್ತಿರಲಿಲ್ಲ. ಮತ್ರಾದಲ್ಲಿ ಅರಿಶಿನ, ಮೆಣಸು ಕೊಳ್ಳುತ್ತಿದ್ದ ಅಂಗಡಿಯಲ್ಲಿ ಪಕ್ಕದ ಚೀಲದ್ದು ಆ ವಾಸನೆ ಎಂಬುದಷ್ಟೇ ಅವರ ಮೂಗಿಗೆ ನೆನಪಿತ್ತು. ತಿನ್ನುವ ವಸ್ತುವೋ ತಲೆಗೆ ಹಚ್ಚುವುದೋ ಎಂದು ಅಂಗಡಿಯವನನ್ನು ಕೇಳಿದರಂತೆ. ಅವನು ಎರಡಕ್ಕೂ ತಲೆಯಾಡಿಸಿದನಂತೆ.

ಕಫೀಲರು ಬಟ್ಟಲು ಮುಗಿಸಿ, ಶೆಫ್ ಕಡೆ ನೋಡಿದರು. ಶೆಫ್ ಒಪ್ಪಿಗೆಯೆಂದು ತಲೆಯಾಡಿಸಿದರು.

“ಯಲ್ಲಾ, ಸಂಜೀವ್,” ಎಂದು ಕಫೀಲರು ಎದ್ದರು. “ಹುಡುಗಿಗೆ ಓದಲು ಹೇಳು.”

ಸಂಜೀವಣ್ಣ ಜೇಬಿನಿಂದ ಕರವಸ್ತ್ರ ತೆಗೆಯಲು ಹೋಗಿ, ಸಿಕ್ಕ ನಮ್ಮ ಪತ್ರಿಕೆಯ ತುಣುಕಿನಲ್ಲಿಯೇ ಮುಖ ಒರೆಸಿಕೊಂಡರು. ಆ ಪುಟ ಯಾರಿಗಾದರೂ ಉಪಯೋಗಕ್ಕೆ ಬಂದದ್ದು ಅದೇ ಮೊದಲು.

ಕಫೀಲರು ಹೊರಟುಹೋದ ಮೇಲೆ ಶೆಫ್ ಬೀಗ ಹಾಕಿದ ಕಪಾಟಿನಿಂದ ಒಂದು ಬಾಟಲಿ ತೆಗೆದರು. ಒಳಗಿನದು ನೀರಿನಂತೆ ತಿಳಿಯಾಗಿತ್ತು. ಬಾಣಲೆಗೆ ಸ್ವಲ್ಪ ಸುರಿದು ಒಲೆಯ ಕಡೆ ಬಾಗಿಸಿದರು. ಭಗ್ಗೆಂದು ನೀಲಿ ಉರಿ ಎದ್ದಿತು. ಕಿರ್ಶ್. ಅಲ್ಲಿಯವರೆಗೆ ನಾನು ಅಕ್ಷರದಲ್ಲಿ ಮಾತ್ರ ಕಂಡಿದ್ದ ವಸ್ತು.

“ಹೂಂ,” ಎಂದರು ಜಲಜಕ್ಕ, ನನ್ನ ಹೇಳಿಕೆಯನ್ನು ಕೊನೆಗೂ ದೃಢಪಡಿಸುವವರಂತೆ. “ತಿದ್ದದೆ ಬಿಟ್ರೆ ಹೊತ್ತುತ್ತದೆ.”

ಆ ಡಿಸೆಂಬರ್ ಪೂರ್ತಿ ಅವರು ಹೋಟೆಲಿನ ಕೇಕುಗಳಿಗೆ ಚೆರ್ರಿ ಮದ್ಯ ಬಳಿದರು. ಒಮ್ಮೆಯೂ ರುಚಿ ನೋಡಲಿಲ್ಲ. ಮೂಗಿನಿಂದಲೇ ಅಳತೆ. ಹೆಚ್ಚಾದರೆ ಕೇಕು ಕುಸಿಯುತ್ತದೆ, ಕಡಿಮೆಯಾದರೆ ಶೆಫ್ ಮುಖ ಕುಸಿಯುತ್ತದೆ ಎಂದು ನನಗೆ ವಿವರಿಸುತ್ತಿದ್ದರು. ಕಫೀಲರ ಮನೆಯ ಕೇಕುಗಳಿಗೆ ಬೇರೆ ಬ್ರಶ್ಶು, ಬೇರೆ ಪಾತ್ರೆ, ಮಹ್ಲಬ್‌ನ ಪಾಕ. ಮೊಟ್ಟೆಯ ಪಾತ್ರೆ ಬೇರೆ ಇಟ್ಟವರಿಗೆ ಅದು ಹೊಸದೇನಾಗಿರಲಿಲ್ಲ. ಸಂಜೆ ಮನೆಗೆ ಬಂದು, ತಲೆಗೆ ಸ್ನಾನ ಮಾಡಿ, ಆಮೇಲೆ ದೀಪ ಹಚ್ಚುತ್ತಿದ್ದರು. ಪಕ್ಕದ ಬಾಲ್ಕನಿಯ ಭಜನಾ ಸದಸ್ಯೆ ಹೊಸ ವರ್ಷಕ್ಕೆ ತನಗೊಂದು ಕೇಕು ಬೇಕೆಂದಳಂತೆ. “ಯಾವ ಬ್ರಶ್ಶಿಂದು?” ಎಂದು ಜಲಜಕ್ಕ ಕೇಳಿದರಂತೆ. ಉತ್ತರ ಏನೆಂದು ನನಗೆ ತಿಳಿಸಲಿಲ್ಲ.

ಫೆಲಿಕ್ಸ್ ಜಿಂಜವನ್ನು ಕ್ರಿಸ್‌ಮಸ್‌ಗೆ ಮುಗಿಸಿದ, ಹಣ್ಣು ಸಮೇತ. ಖಾಲಿ ಬಾಟಲಿ ಚೆಂದವಿದೆಯೆಂದು ಜಲಜಕ್ಕ ಕೇಳಿ ತೆಗೆದುಕೊಂಡು, ಬಿಸಿನೀರು, ಸೀಗೆಪುಡಿ, ಹುಣಸೆಹಣ್ಣು ಹಾಕಿ ಹಲವು ಸಲ ತೊಳೆದರು. ನನ್ನಿಂದ ಅಡುಗೆ ಪುಟವನ್ನು ತೆಗೆದು ಹಡಗುಗಳು ಬಂದುಹೋಗುವ ವೇಳಾಪಟ್ಟಿ ಕೊಟ್ಟರು. ಅದರಲ್ಲಿ ಬದಲಿಸಬೇಕಾದ ಪದಗಳಿರಲಿಲ್ಲ.

ಶ್ವೇತಾ 1987ರ ಮಾರ್ಚ್‌ನಲ್ಲಿ ದಾರ್ಸೈಟ್‌ನ ಶಾಲೆಯಲ್ಲೇ ಪರೀಕ್ಷೆ ಬರೆದಳು. ಸಂಜೀವಣ್ಣನಿಗೆ ಹೋಟೆಲಿನ ಉಗ್ರಾಣದಲ್ಲಿ ಕೆಲಸವಾಯಿತು. ಸೀಸನ್ನಿಗೆಂದು ಹೋದ ಜಲಜಕ್ಕ 1995ರವರೆಗೆ ಅದೇ ಅಡುಗೆಮನೆಯಲ್ಲಿದ್ದರು. ಆ ವರ್ಷ ದಂಪತಿ ಊರಿಗೆ ಮರಳಿದರು.

ಕಳೆದ ತಿಂಗಳು ಶ್ವೇತಾ ಫೋನಿನಲ್ಲಿ ಹೇಳಿದ ಪ್ರಕಾರ, ಲಿಸ್ಬನ್ನಿನ ಆ ಗಿಡ್ಡ ಬಾಟಲಿ ಈಗ ಮೂಲ್ಕಿಯ ಮನೆಯ ದೇವರ ಕೋಣೆಯಲ್ಲಿದೆ. ಅದರಲ್ಲಿ ದೀಪಕ್ಕೆ ಹಾಕುವ ಎಳ್ಳೆಣ್ಣೆ ಇದೆ.